ಮಳೆಗಾಲದಲ್ಲಿ ಮ್ಯೂಸಿಯಂನೊಳಗೆ ಕರಾವಳಿ: ತೆಂಗಿನತೋಟದ ಫ್ಲೆಕ್ಸ್ ಬೇಕಾ, ಮುರಕಲ್ಲು ಬೇಕಾ?

ಘಾಟ್‌ಕೋಪರ್ ಗೆಳೆಯ
ಮುಂಬಯಿಯ ಒಂದು ಸಾರ್ವಜನಿಕ ಮ್ಯೂಸಿಯಂನ ತಾತ್ಕಾಲಿಕ ಗ್ಯಾಲರಿಗೆ ಪ್ರಸ್ತಾವ ತಯಾರಾಗ್ತಿದೆ. ವಿಷಯ, ರತ್ನಾಗಿರಿಯಿಂದ ಕುಂದಾಪುರದವರೆಗಿನ ಕರಾವಳಿಯ ನೆಲ ಮತ್ತು ಕಲೆ. ಒಟ್ಟು ಸುಮಾರು 40 ವಸ್ತು: ಜಲವರ್ಣ ಚಿತ್ರ 14, ಭೂತದ ಮರದ ಮೂರ್ತಿ 4, ಕಂಚಿನ ಮೊಗ 2, ತೊಗಲುಗೊಂಬೆ 10, ಯಕ್ಷಗಾನದ ವೇಷ ಎರಡು ಸೆಟ್, ಉಳಿದದ್ದು ಕಾವಿ ಕಲೆಯ (ಸುಣ್ಣದ ಗೋಡೆಯ ಕೆಂಪು ಪದರು ಕೆರೆದು ಮಾಡುವ ಚಿತ್ರ) ಮಾದರಿ, ನಕಾಶೆ, ಫೋಟೊ. ಗ್ಯಾಲರಿ 12 ಮೀಟರ್ ಉದ್ದ, 9 ಮೀಟರ್ ಅಗಲ. ಸಿಕ್ಕಿರುವುದು ಜುಲೈ-ಆಗಸ್ಟ್‌ನ ಆರು ವಾರ. ಎಸಿ ಸಂಜೆ ಆರಕ್ಕೆ ಬಂದ್. ಒಳಗೆ ಕಾಲಿಟ್ಟ ಕೂಡಲೇ ಕಾಣುವ ಗೋಡೆಗೆ 6 ಮೀಟರ್ ಅಗಲದ ತೆಂಗಿನತೋಟ-ಸಮುದ್ರದ ಫ್ಲೆಕ್ಸ್ ಹಾಕೋಣ ಅಂತ ವಿನ್ಯಾಸದವರ ಸಲಹೆ.
ಪ್ರಶ್ನೆ ಎರಡೇ. ಈ ಮಳೆಗೆ ಇದೆಲ್ಲ ತಾಳ್ತದಾ? ಆ ಫ್ಲೆಕ್ಸ್ ಬೇಕಾ?

ಲಕ್ಸ್ ಮೀಟರ್
ಎರಡನೆಯದಕ್ಕೆ ಜಗಳ ಆಡುವವರು ಬರ್ತಾರೆ, ನಾನು ಮೊದಲನೆಯದಕ್ಕೆ ಹೇಳ್ತೀನಿ. ಹಗಲು ಮಾತ್ರ ಎಸಿ ಅನ್ನೋದು ಎಸಿ ಇಲ್ಲದೇ ಇರೋದಕ್ಕಿಂತ ಕೆಟ್ಟದು. ಹಗಲು ತೇವಾಂಶ ಶೇಕಡಾ 55, ರಾತ್ರಿ 80. ಮರ ದಿನಾ ಕುಗ್ಗಿ ದಿನಾ ಹಿಗ್ಗುತ್ತೆ, ಮೇಲಿನ ಬಣ್ಣದ ಪದರಕ್ಕೆ ಆ ಓಟ ಇಲ್ಲ. ಅಂಚಲ್ಲಿ ಏಳುತ್ತೆ, ಆಮೇಲೆ ಚಕ್ಕೆ ಬೀಳುತ್ತೆ. ಒಂದೋ 24 ಗಂಟೆ ಎಸಿ ಬರಹದಲ್ಲಿ ತಗೊಳ್ಳಿ, ಇಲ್ಲವೋ ಸೂಕ್ಷ್ಮ ವಸ್ತುಗಳನ್ನೆಲ್ಲ ಗಾಳಿಯಾಡದ ಶೋಕೇಸ್‌ಗೆ ಹಾಕಿ.
ಶೋಕೇಸ್ ಅಂದ್ರೆ ಒಳಗೆ ಸಿಲಿಕಾ ಜೆಲ್. ಚಪ್ಪಲಿ ಡಬ್ಬದಲ್ಲಿ ಬರೋ ಪುಟ್ಟ ಪೊಟ್ಟಣ ನಾಲ್ಕು ಎಸೆದು ಕೈ ತೊಳ್ಕೊಳ್ಳೋದಲ್ಲ. ಲೆಕ್ಕ ಘನ ಮೀಟರ್‌ಗೆ 20 ಕೆಜಿ. 1.2 ಮೀ × 0.6 × 0.6 ಕೇಸ್ ಆದ್ರೆ 0.43 ಘನ ಮೀಟರ್, ಅಂದ್ರೆ ಎಂಟೂವರೆ ಕೆಜಿ ಚಿಲ್ಲರೆ. ಅದಕ್ಕೆ ಕೇಸಿನ ತಳದಲ್ಲಿ ರಂಧ್ರವಿರೋ ಟ್ರೇ ಬೇಕು, ವಿನ್ಯಾಸದವರಿಗೆ ಈಗಲೇ ಹೇಳಿ. ಒಲೆಯಲ್ಲಿ ಒಣಗಿಸಿದ ಜೆಲ್ ನೇರ ಹಾಕಿದ್ರೆ ಒಳಗಿನ ಗಾಳಿ ಮರಳುಗಾಡಾಗುತ್ತೆ. ಮೊದಲು 55 ತೇವದ ಕೋಣೆಯಲ್ಲಿ ತೆಳ್ಳಗೆ ಹರಡಿ ದಿನಾ ತೂಗಬೇಕು. ತೂಕ ಏರೋದು ನಿಂತ ದಿನ ಅದು ಹದ.

ಪಿಂಪ್ರಿ ಪಾಟೀಲ
ಅಲ್ರೀ, ಮರಾ ಮತ್ತ ಕಂಚು ಒಂದ ಪೆಟಗಿ ಒಳಗ ಇಡಬ್ಯಾಡ್ರಿ. ಕಡಲ ದಂಡಿ ಕಂಚಿನೊಳಗ ಕ್ಲೋರೈಡ್ ಕುಂತಿರತೈತಿ. ತೇವ 42-45 ದಾಟಿತಂದ್ರ ತಿಳಿ ಹಸರು ಪುಡಿ ಏಳಾಕ ಶುರು. ಹಳೀ ಗಟ್ಟಿ ಹಸರು ಬ್ಯಾರೆ, ಅದು ಇರಲಿ. ಬಟ್ಟಿಗೆ ಹತ್ತೂ ಪುಡಿ ಹಸರು ಬ್ಯಾರೆ, ಅದು ರೋಗ. ಮರಕ್ಕ ನೋಡಿದ್ರ 55-60 ಬೇಕು. ಎರಡು ಕೇಸ್ ಮಾಡ್ರಿ, ಕಂಚಿಂದಕ್ಕ 40ರ ಜೆಲ್.

ಮೊಳೆ ಸುತ್ತಿಗೆ
ಮರದ ಮೂರ್ತಿ ಒಳಗೆ ಬರೋ ಮೊದಲು ಹುಳ ನೋಡಿ. ಕಪ್ಪು ಕಾಗದದ ಮೇಲೆ ಒಂದು ವಾರ ನಿಲ್ಲಿಸಿ. ಹೊಸ ಪುಡಿ ಬಿದ್ದರೆ ಒಳಗೆ ಜೀವ ಇದೆ. ತೂತು ಇದ್ದು ಪುಡಿ ಇಲ್ಲದಿದ್ದರೆ ಹಳೇ ಕಥೆ.

ಕುಂದಾಪ್ರದ ಕಿರೀಟ
ಹ್ವಾಯ್, ಆ 55ರ ಲೆಕ್ಕ ಎಲ್ಲದಕ್ಕೂ ಹಾಕ್ಬೇಡಿ ಮಾರಾಯ್ರೆ. ಗರಡಿಮನೆಯಲ್ಲಿ, ದೈವದ ಸಾನದಲ್ಲಿ ನೂರು ವರ್ಷ 75-80ರಲ್ಲೇ ಇದ್ದ ಹಲಸಿನ ಮರ ಅದು. ಅದಕ್ಕೆ ಅದೇ ಒಗ್ಗಿದೆ. ದಢಕ್ಕನೆ 50ಕ್ಕೆ ಇಳಿಸಿದ್ರೆ ನಿಮ್ಮ ಸುರಕ್ಷಿತ ಕೇಸಿನೊಳಗೇ ಬಿರುಕು ಬಿಡ್ತದೆ. ಪೆಟ್ಟಿಗೆ ಬಂದ ದಿನವೇ ಬಿಚ್ಚಬಾರದು. ಗ್ಯಾಲರಿಯಲ್ಲೇ ಎರಡು ದಿನ ಮುಚ್ಚಿಟ್ಟು ಆಮೇಲೆ ತೆರೀರಿ.

ಲಕ್ಸ್ ಮೀಟರ್
ಒಪ್ಪಿದೆ. ಮರಕ್ಕೆ 60 ಇರಲಿ, ಅದಕ್ಕಿಂತ ಮೇಲೆ ಬೇಡ. 65-70 ದಾಟಿದ್ರೆ ಬೂಸ್ಟು. ಹುಳ ಕಂಡ್ರೆ ಮೈನಸ್ 20ರಲ್ಲಿ ಎರಡು ವಾರ ಇಡೋ ಪದ್ಧತಿ ಇದೆ. ಆದ್ರೆ ಬಣ್ಣ ಹಚ್ಚಿದ ಮರವನ್ನ ಕೇಳದೆ ಫ್ರೀಜರ್‌ಗೆ ತುರುಕಬೇಡಿ, ಸಂರಕ್ಷಕರು ನೋಡಲಿ. ಆಮ್ಲಜನಕ ತೆಗೆದ ಚೀಲದಲ್ಲಿ ಮೂರು ವಾರ ಇಡೋದು ಬಣ್ಣಕ್ಕೆ ಹೆಚ್ಚು ಕ್ಷೇಮ.

ಮಡಗಾಂವ್ ಮಾಸ್ತರ
ಈಗ ಫ್ಲೆಕ್ಸಿನ ವಿಷಯ. ಬೇಡ. ತೆಂಗಿನತೋಟ ಪ್ರವಾಸೋದ್ಯಮದ ಜಾಹೀರಾತಿನಲ್ಲಿ ಸಾಕಷ್ಟಿದೆ. ರತ್ನಾಗಿರಿಯಿಂದ ಕುಂದಾಪುರದವರೆಗೆ ಒಂದೇ ದಾರದಲ್ಲಿ ಪೋಣಿಸುವ ವಸ್ತು ಯಾವುದು? ಕೆಂಪು ಕಲ್ಲು, ಅಂದರೆ ಮುರಕಲ್ಲು. ಮನೆ ಅದರದು, ಕೋಟೆ ಅದರದು, ದೇವಸ್ಥಾನದ ಅಡಿಪಾಯ ಅದರದು, ಗೋಡೆಯ ಕೆಂಪು ಬಣ್ಣವೂ ಅದೇ ಬಣ್ಣ. ನೆಲ ಅಂದರೆ ಹಿಂದೆ ಹಾಕುವ ಪರದೆ ಅಂದುಕೊಂಡಿದ್ದಾರೆ ವಿನ್ಯಾಸದವರು. ಕಾವಿ ಕಲೆ ನೋಡಿ. ಕಪ್ಪೆಚಿಪ್ಪು ಸುಟ್ಟ ಸುಣ್ಣ ಕಡಲಿನದು, ಕೆಂಪು ಮಣ್ಣು ಗುಡ್ಡದ್ದು. ಭೂದೃಶ್ಯ ಗೋಡೆಗೆ ಅಂಟಿ ಕೂತಿದೆಯಲ್ಲ, ಮತ್ತೆ ಅದರ ಫೋಟೊ ಯಾಕೆ?

ದಾದರ್ ದರ್ಬಾರಿ
ಚಪ್ಪಾಳೆ. ಆದ್ರೆ ಕಾವಿ ಗೋವೆಯದಾ ನಮ್ಮದಾ? 😀

ಮಡಗಾಂವ್ ಮಾಸ್ತರ
ಕೊಂಕಣ ತೀರದ್ದು. ಗೋವೆಯ ಪೆಡ್ಣೆ ಕಡೆಯ ಗುಡಿಗಳಲ್ಲೂ ಇದೆ, ಶಿರಸಿಯ ಮಾರಿಕಾಂಬಾ ಗುಡಿಯಲ್ಲೂ ಇದೆ. ಗಡಿ ಕಲ್ಲು ನೆಟ್ಟದ್ದು ಆಮೇಲೆ.

ಘಾಟ್‌ಕೋಪರ್ ಗೆಳೆಯ
ಮಾಸ್ತರ್ರೇ, ಕಾವಿಯ ಮಾದರಿ ಅಂತ ಈಗ ಇರುವುದು ಪ್ಲೈವುಡ್ ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಬರೆದ ಎರಡು ಹಲಗೆ. ನಡೀತದಾ?

ಮಡಗಾಂವ್ ಮಾಸ್ತರ
ನಡೆಯುವುದಿಲ್ಲ. ಅದು ಕಾವಿಯ ಚಿತ್ರ, ಕಾವಿ ಅಲ್ಲ. ಕಾವಿಯಲ್ಲಿ ಬಿಳಿಯನ್ನು ಯಾರೂ ಬರೆಯುವುದಿಲ್ಲ, ಕೆಂಪನ್ನು ಕೆರೆದು ತೆಗೆಯುತ್ತಾರೆ. ಆ ಒಂದು ಮಾತು ನೋಡುವವನ ಕಣ್ಣಿಗೆ ಬೀಳದಿದ್ದರೆ ಪ್ರದರ್ಶನ ಮಾಡಿಯೂ ಇಲ್ಲ.
ನಾಲ್ಕು ಹಲಗೆ ಮಾಡಿಸಿ, ಒಂದೊಂದು ಒಂದೊಂದು ಹಂತ. ಮೊದಲನೆಯದು ಒರಟು ಗಾರೆ, ಸುಣ್ಣ ಒಂದು ಪಾಲು, ತೊಳೆದ ಮರಳು ಎರಡು ಪಾಲು. ಸುಣ್ಣಕ್ಕೆ ಬೆಲ್ಲದ ನೀರು ಹಾಕಿ ಕೊಳೆಯಲು ಬಿಟ್ಟು, ಕುಟ್ಟಿ ಬೆಣ್ಣೆಯಂತೆ ಮಾಡಿರಬೇಕು. ಎರಡನೆಯದು ಅದರ ಮೇಲೆ ನಯವಾದ ಬಿಳಿ ಸುಣ್ಣದ ಪದರು. ಮೂರನೆಯದು ಹುರಮಂಜಿ ಅನ್ನುವ ಕೆಂಪು ಮಣ್ಣು ಬೆರೆಸಿದ ಪದರು, ನುಣುಪು ಕಲ್ಲಿನಿಂದ ತಿಕ್ಕಿದ್ದು. ನಾಲ್ಕನೆಯದು ಅದು ಇನ್ನೂ ಹಸಿ ಇರುವಾಗಲೇ ಕೈವಾರ ಮತ್ತು ಮೊನೆ ಉಳಿಯಿಂದ ಕೆರೆದದ್ದು. ಒಣಗಿದ ಮೇಲೆ ಕೆರೆದರೆ ಅಂಚು ಪುಡಿಪುಡಿ. ತೀರ ಹಸಿಯಾಗಿದ್ದರೆ ಕೆಂಪು ಬಿಳಿಯ ಮೇಲೆ ಹರಡಿ ಗುಲಾಬಿ. ಬೆರಳೊತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಬಣ್ಣ ಹತ್ತಬಾರದು. ಅದು ಸಮಯ. ಆಮೇಲೆ ಕೆಲವು ದಿನ ನೀರು ಚಿಮುಕಿಸುತ್ತಾ ಇರಬೇಕು. ಸುಣ್ಣ ಗಾಳಿಯ ಇಂಗಾಲಾಮ್ಲ ಕುಡಿದು ಮತ್ತೆ ಕಲ್ಲಾಗುವುದು ತೇವ ಇದ್ದಾಗ ಮಾತ್ರ. ಬಣ್ಣ ಆ ಕಲ್ಲಿನೊಳಗೆ ಸೆರೆ.
ಹಿಂಬದಿಗೆ ಪ್ಲೈವುಡ್ ಬೇಡ, ಮಳೆಗೆ ಬಾಗಿ ಗಾರೆ ಒಡೆಯುತ್ತದೆ. ಸಿಮೆಂಟ್ ಬೋರ್ಡ್ ತಂದು ಮೈ ಕಚ್ಚು ಹಾಕಿ. 60 × 60 ಸೆಂ.ಮೀ., ಒಂದು ಸೆಂ.ಮೀ. ದಪ್ಪದ ಗಾರೆಯೇ 6 ಕೆಜಿ ತೂಗುತ್ತದೆ, ಬೋರ್ಡಿನ ತೂಕ ಬೇರೆ. ಜುಲೈಗೆ ಬೇಕಾದರೆ ಏಪ್ರಿಲ್‌ನಲ್ಲಿ ಮಾಡಿಸಿ.

ಮೊಳೆ ಸುತ್ತಿಗೆ
ಅದನ್ನ ತೂಗುಹಾಕಬೇಡಿ. ಇಳಿಜಾರು ಪೀಠದ ಮೇಲೆ ಒರಗಿಸಿ, ಕೆಳಗೆ ತುಟಿ ಪಟ್ಟಿ ಕೊಡಿ.

ಪಿಂಪ್ರಿ ಪಾಟೀಲ
ಹುರಮಂಜಿ ಅನ್ನೂ ಶಬ್ದ ಹೊರ್ಮುಜ್ ಬಂದರದಿಂದ ಬಂದದ್ದು. ಗುಡ್ಡದ ಮಣ್ಣು ಗುಡ್ಡದ ಮಣ್ಣು ಅಂತೀರಲ್ಲ ಮಾಸ್ತರ, ಹೆಸರಾ ಹಡಗದಾಗ ಬಂದೈತಿ. 😄

ಮಡಗಾಂವ್ ಮಾಸ್ತರ
ಬರಲಿ ಬಿಡಿ, ಅದನ್ನೇ ಲೇಬಲ್ಲಿನಲ್ಲಿ ಹಾಕಿ. ಕರಾವಳಿ ಅಂದರೆ ಹಡಗೂ ಹೌದಲ್ಲ.

ವಿಲೇಪಾರ್ಲೆ ವಿನ್ಯಾಸ
ಫ್ಲೆಕ್ಸ್ ಪರ ಒಬ್ಬರಾದ್ರೂ ಮಾತಾಡ್ಬೇಕಲ್ಲ. ಮುಂಬಯಿಯ ಪ್ರೇಕ್ಷಕ ಬಾಗಿಲಲ್ಲಿ ಮೂವತ್ತು ಸೆಕೆಂಡ್ ನಿಲ್ತಾನೆ, ಅಷ್ಟರಲ್ಲಿ ಎಲ್ಲಿದ್ದೀನಿ ಅಂತ ಗೊತ್ತಾಗ್ಬೇಕು. ಸುಣ್ಣದ ಹಲಗೆ ನಾಲ್ಕು ಕಂಡ್ರೆ ಹಾರ್ಡ್‌ವೇರ್ ಅಂಗಡಿ ಅಂದ್ಕೊಂಡು ವಾಪಸ್ ಹೋಗ್ತಾನೆ. ದೊಡ್ಡ ಚಿತ್ರ ಕೆಲಸ ಮಾಡುತ್ತೆ, ಅಗ್ಗ, ಒಂದೇ ರಾತ್ರೀಲಿ ಮುಗಿಯುತ್ತೆ.

ಲಕ್ಸ್ ಮೀಟರ್
ಕಲೆಯ ವಾದ ನೀವೇ ಮಾಡ್ಕೊಳ್ಳಿ, ರಸಾಯನದ ವಾದ ಒಂದಿದೆ. ಫ್ಲೆಕ್ಸ್ ಅಂದ್ರೆ ಪಿವಿಸಿ. ಹೊಸದಾಗಿ ಬಿಚ್ಚಿದಾಗ ಬರೋ ಆ ವಾಸನೆ ಇದೆಯಲ್ಲ, ಮುಚ್ಚಿದ ಗ್ಯಾಲರಿಯಲ್ಲಿ ಅದು ವಾರಗಟ್ಟಲೆ ಇರುತ್ತೆ. ಪಿವಿಸಿ ಹಳತಾಗ್ತಾ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬಿಡುತ್ತೆ. ಅದೇ ಕೋಣೆಯಲ್ಲಿ ಕ್ಲೋರೈಡ್ ಕಂಡರಾಗದ ಎರಡು ಕಂಚಿನ ಮೊಗ. ದೊಡ್ಡ ಚಿತ್ರ ಬೇಕೇ ಬೇಕಾದ್ರೆ ಹತ್ತಿ ಬಟ್ಟೆ ಮೇಲೆ ಮುದ್ರಿಸಿ, ಒಂದು ವಾರ ಹೊರಗೆ ಗಾಳಿಗೆ ಹಾಕಿ ತನ್ನಿ.

ವಿಲೇಪಾರ್ಲೆ ವಿನ್ಯಾಸ
ಇದು ಗೊತ್ತಿರಲಿಲ್ಲ. ಸರಿ, ಬಟ್ಟೆ. ಆದ್ರೆ ಬಾಗಿಲಿಗೆ ಎದುರು ಏನಾದ್ರೂ ದೊಡ್ಡದು ಬೇಕೇ ಬೇಕು. ಕೆಂಪು ಕಲ್ಲಿನ ಗೋಡೆಯೇ ಕಟ್ಟಿಬಿಡೋಣ್ವಾ? 3 ಮೀಟರ್ ಅಗಲ, 2.4 ಎತ್ತರ?

ಮೊಳೆ ಸುತ್ತಿಗೆ
20 ಸೆಂ.ಮೀ. ದಪ್ಪದ ಇಡೀ ಕಲ್ಲಲ್ಲಿ ಕಟ್ಟಿದರೆ 1.44 ಘನ ಮೀಟರ್, ಹತ್ತಿರ ಹತ್ತಿರ 3 ಟನ್. ಅದೂ ಅರ್ಧ ಚದರ ಮೀಟರ್ ಚಿಲ್ಲರೆ ಜಾಗದ ಮೇಲೆ. ಗ್ಯಾಲರಿ ಮೇಲಂತಸ್ತಿನಲ್ಲಿದ್ದರೆ ಮರೆತುಬಿಡಿ. ಕಲ್ಲನ್ನು 4 ಸೆಂ.ಮೀ. ಹೋಳು ಕೊಯ್ಸಿ ಕಬ್ಬಿಣದ ಚೌಕಟ್ಟಿಗೆ ಹಾಕಿದರೆ 600 ಕೆಜಿ. ಅದಕ್ಕೂ ಇಂಜಿನಿಯರ್ ಕಾಗದ ಬೇಕು. ನೆಲಮಹಡಿ ಆದರೆ ಚೌಕಟ್ಟಿನ ಪಾದ ಅಗಲ ಮಾಡಿ ಭಾರ ಹರಡಿ.

ಲಕ್ಸ್ ಮೀಟರ್
ಕೆಂಪು ಧೂಳು! ಕೊಯ್ದ ಮುರಕಲ್ಲಿನ ತೂತುಗಳಲ್ಲಿ ಪುಡಿ ಕೂತಿರುತ್ತೆ, ಎಸಿ ಗಾಳಿಗೆ ಹಾರಿ ಜಲವರ್ಣದ ಮೇಲೆ. ತಂದ ಮೇಲೆ ತೊಳೆದು, ಒಣಗಿಸಿ, ವ್ಯಾಕ್ಯೂಮ್ ಹಾಕಿ. ಮೇಲೆ ವಾರ್ನಿಷ್ ಹೊಡೀಬೇಡಿ ದಯವಿಟ್ಟು, ಹೋಟೆಲ್ ಲಾಬಿ ಆಗುತ್ತೆ.

ದಾದರ್ ದರ್ಬಾರಿ
ಮುರಕಲ್ಲು ಅಂತೀರಾ, ಚಿರೆಕಲ್ಲು ಅಂತೀರಾ? ಮರಾಠಿ ಲೇಬಲ್ಲಿಗೆ ಜಾಂಭಾ ಅನ್ಬೇಕು.

ಕುಂದಾಪ್ರದ ಕಿರೀಟ
ನಮ್ಮ ಕಡೆ ಮುರಕಲ್ಲು, ಕಾರವಾರದ ಮೇಲೆ ಚಿರೆಕಲ್ಲು, ಪುಸ್ತಕದಲ್ಲಿ ಜಂಬಿಟ್ಟಿಗೆ. ಎಲ್ಲ ಬರೀರಿ.

ಮಡಗಾಂವ್ ಮಾಸ್ತರ
ಜಂಬಿಟ್ಟಿಗೆಯಲ್ಲಿ ಇಟ್ಟಿಗೆ ಇದೆ ನೋಡಿ. ಕಂಪನಿ ಕಾಲದ ಸಮೀಕ್ಷಕ ಬುಕಾನನ್ ಮಲಬಾರಿನ ಅಂಗಡಿಪುರಂ ಕಲ್ಲು ನೋಡಿ 1807ರ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟಿದ್ದೂ ಲ್ಯಾಟಿನ್‌ನ ಇಟ್ಟಿಗೆಯಿಂದಲೇ. ನೆಲದೊಳಗೆ ಮೆತ್ತಗೆ, ಕೊಡಲಿಯಿಂದ ಕಡಿಯಬಹುದು, ಗಾಳಿಗೆ ಬಿಟ್ಟರೆ ಗಟ್ಟಿ.
ಬಾಗಿಲ ಎದುರು ದೊಡ್ಡದು ಬೇಕು ಅಂದವರಿಗೆ ಇನ್ನೊಂದು ದಾರಿ. ರತ್ನಾಗಿರಿ ಕಡೆಯ ಸಡೆಗಳ (ಕೆಂಪು ಕಲ್ಲಿನ ಬೋಳು ಬಯಲು) ಮೇಲೆ ಕೊರೆದ ರೇಖಾಚಿತ್ರಗಳು, ಮರಾಠಿಯ ಕಾತಳ್ ಶಿಲ್ಪ. ಬಾರ್ಸು, ಉಕ್ಷಿ, ಕಶೇಳಿ, ಗೋವೆಯ ಪಣಸಾಯಿಮಳ್ ಎಲ್ಲ ಸೇರಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಬಂದವು. ಭೂದೃಶ್ಯದ ಮೇಲೆಯೇ ಬರೆದ ಚಿತ್ರ. ನಿಮ್ಮ ವಿಷಯಕ್ಕೆ ಇದಕ್ಕಿಂತ ಬೇರೇನು ಬೇಕು?

ವಿಲೇಪಾರ್ಲೆ ವಿನ್ಯಾಸ
ಅದರಲ್ಲಿ ಕಶೇಳಿಯ ಆನೆಯ ಚಿತ್ರ 18 ಮೀಟರ್ × 13 ಮೀಟರ್. ಗ್ಯಾಲರಿ 12 × 9. 😂

ಮಡಗಾಂವ್ ಮಾಸ್ತರ
ನಾಲ್ಕಕ್ಕೆ ಒಂದು ಅಳತೆಗೆ ಇಳಿಸಿ. 4.5 ಮೀಟರ್ × 3.25. ಆದರೆ ಗೋಡೆಗೆ ಹಾಕಬೇಡಿ, ನೆಲಕ್ಕೆ ಹಾಕಿ. ಅದು ಕಾಲಡಿಯ ಚಿತ್ರ, ನಿಂತವನಿಗೆ ಪೂರ್ತಿ ಕಾಣದಿರುವುದೇ ಅದರ ಗುಣ. ಪಕ್ಕದಲ್ಲಿ ನಿಂತ ಮನುಷ್ಯನ ನೆರಳುಚಿತ್ರ ಅದೇ ಅಳತೆಗೆ, 42 ಸೆಂ.ಮೀ. ಎತ್ತರ. ಫೋಟೊ ತೆಗೆಸುವುದಾದರೆ ಬೆಳಗಿನ ಮೊದಲ ಗಂಟೆ, ಬಿಸಿಲು ಅಡ್ಡ ಬೀಳುವಾಗ. ನಡುಹಗಲಲ್ಲಿ ಗೀರು ಇದೆ ಅನ್ನುವುದೇ ಗೊತ್ತಾಗುವುದಿಲ್ಲ.

ಮೊಳೆ ಸುತ್ತಿಗೆ
ನೆಲದ ಸ್ಟಿಕರ್ ಮಳೆಗಾಲದಲ್ಲಿ ಒದ್ದೆ ಚಪ್ಪಲಿಗೆ ಜಾರುತ್ತೆ. ಒರಟು ಲ್ಯಾಮಿನೇಷನ್ ಕೇಳಿ. ಅಂಚು ಎದ್ದರೆ ಅವತ್ತೇ ಅಂಟಿಸಿ. ಅದೂ ಪಿವಿಸಿ ಆಗದಿರಲಿ.

ಕುಂದಾಪ್ರದ ಕಿರೀಟ
ತೊಗಲುಗೊಂಬೆ ಹತ್ತು ಅಂದ್ರಲ್ಲ, ಎಲ್ಲಿಯದು? ಕುಂದಾಪುರದ್ದು ಅಂತ ಬರ್ದೀರಿ ಮತ್ತೆ. ನಮ್ಮದು ಉಪ್ಪಿನಕುದ್ರುವಿನ ಸೂತ್ರದ ಗೊಂಬೆ, ಮರದ್ದು, ಯಕ್ಷಗಾನದ ವೇಷ ಹಾಕಿ ಕುಣಿಯುವುದು. ತೊಗಲು ಸಿಂಧುದುರ್ಗದ ಪಿಂಗುಳಿಯ ಠಾಕರ್ ಸಮುದಾಯದ್ದಿರಬೇಕು, ಇಲ್ಲ ಘಟ್ಟದ ಮೇಲಿನದ್ದು.

ಘಾಟ್‌ಕೋಪರ್ ಗೆಳೆಯ
ಆರು ಪಿಂಗುಳಿ, ನಾಲ್ಕು ಬಯಲುಸೀಮೆಯದು. ಪಟ್ಟಿಯಲ್ಲಿ ಎಲ್ಲವನ್ನೂ "ಕರಾವಳಿ" ಅಂತ ಹಾಕಿಬಿಟ್ಟಿದ್ದಾರೆ. ತಿದ್ದಿಸ್ತೇನೆ.

ಪಿಂಪ್ರಿ ಪಾಟೀಲ
ಆ ನಾಕು ತಗೀಬ್ಯಾಡ್ರಿ, ಪಕ್ಕದಾಗ ಇಡ್ರಿ. ತೊಗಲುಗೊಂಬಿ ಆಡಸೂ ಕರ್ನಾಟಕದ ಕಿಳ್ಳೇಕ್ಯಾತರ ಮನಿಮಾತು ಮರಾಠಿ ಬಗಿದು. ಆಟ ಆಡೂದು ಕನ್ನಡದಾಗ. ಮುಂಬಯಿ ಮಂದಿಗೆ ಇದಕಿಂತ ಚೊಲೋ ಲೇಬಲ್ ಸಿಗೂದಿಲ್ಲ. ಪುಣೆದ ಕೇಳಕರ್ ಸಂಗ್ರಹಾಲಯದಾಗ ಚಿತ್ರಕಥಿ (ಚಿತ್ರ ತೋರಿಸಿ ಕಥಿ ಹೇಳೂ) ಹಾಳಿ ಅದಾವ, ಅವನ್ನೂ ನೋಡಿ ಬರ್ರಿ, ಕಣ್ಣು ಮೂಗು ಬರಿಯೂ ರೀತಿ ಹೋಲಿಸಬಹುದು.

ವಿಲೇಪಾರ್ಲೆ ವಿನ್ಯಾಸ
ಗೊಂಬೆಗೆ ಹಿಂದಿನಿಂದ ಬೆಳಕು ಕೊಡ್ಬೇಕು, ಇಲ್ಲಾಂದ್ರೆ ಬಣ್ಣ ಸತ್ತ ಹಾಗೆ ಕಾಣುತ್ತೆ. ಎಲ್‌ಇಡಿ ಪ್ಯಾನೆಲ್ ಮೇಲೆ ಅಂಟಿಸಿಬಿಡೋದಾ?

ಲಕ್ಸ್ ಮೀಟರ್
ಅಯ್ಯೋ, ಅಂಟಿಸೋದಾ! ಪ್ಯಾನೆಲ್ಲಿಗೂ ತೊಗಲಿಗೂ 8 ಸೆಂ.ಮೀ. ಅಂತರ ಬಿಡಿ, ನಡುವೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ. ಬಿಸಿ ತಾಗಿದ್ರೆ ತೊಗಲು ಮುದುಡುತ್ತೆ. ಮೊಳೆ, ಟೇಪು, ಅಂಟು ಯಾವುದೂ ಬೇಡ. ಗೊಂಬೆಯಲ್ಲಿ ಈಗಾಗಲೇ ಇರೋ ಕೊರೆದ ತೂತುಗಳ ಮೂಲಕ ತೆಳು ದಾರ ಹಾಯಿಸಿ ಕಟ್ಟಿ.
ಎಲ್ಲರೂ ತಪ್ಪೋದು ಇಲ್ಲಿ. ಲಕ್ಸ್ (ಬೆಳಕಿನ ಅಳತೆ) ಮೀಟರನ್ನ ಪ್ರೇಕ್ಷಕನ ಕಡೆ ಹಿಡಿದು "50 ಇದೆ" ಅಂತ ಬರೀತಾರೆ. ತೊಗಲು ಬೆಳಕನ್ನ ನುಂಗಿ ಈಚೆ ಬಿಟ್ಟದ್ದು 50. ಹಿಂಬದಿಯಲ್ಲಿ ಅದರ ಎಷ್ಟೋ ಪಟ್ಟು ಬೀಳ್ತಿರುತ್ತೆ. ಮೀಟರಿನ ಕಣ್ಣು ಪ್ಯಾನೆಲ್ ಕಡೆ ತಿರುಗಿಸಿ, ತೊಗಲಿನ ಜಾಗದಲ್ಲಿ ಹಿಡೀಬೇಕು. ಅಲ್ಲಿ 50 ಬಂದ್ರೆ ನೋಡುವವನಿಗೆ ಮಂಕಾಗುತ್ತೆ ಅಂತಾದ್ರೆ, ಹತ್ತಿರ ಬಂದಾಗ ಮಾತ್ರ ಹೊತ್ತಿ 20 ಸೆಕೆಂಡಿಗೆ ಆರೋ ಸೆನ್ಸರ್ ಹಾಕಿ.

ಲಕ್ಸ್ ಮೀಟರ್
ಜಲವರ್ಣಕ್ಕೂ 50 ಲಕ್ಸೇ. ಆರು ವಾರ, ವಾರಕ್ಕೆ ಆರು ದಿನ, ದಿನಕ್ಕೆ 8 ಗಂಟೆ: 36 × 8 × 50 = 14,400 ಲಕ್ಸ್-ಗಂಟೆ. ಬೇಗ ಬಣ್ಣಗೆಡುವ ವಸ್ತುವಿಗೆ ವರ್ಷಕ್ಕೆ 15,000 ಅನ್ನೋದು ಅಂತರರಾಷ್ಟ್ರೀಯ ಬೆಳಕಿನ ಆಯೋಗದ ಮಿತಿ. ಕೂದಲೆಳೆ ಉಳೀತು. ಆಮೇಲೆ ಆ ಚಿತ್ರಗಳು ಒಂದು ವರ್ಷ ಕತ್ತಲಲ್ಲಿ ಮಲಗಬೇಕು ಅಂತ ಕೊಟ್ಟವರಿಗೆ ಹೇಳಿ.

ದಾದರ್ ದರ್ಬಾರಿ
ಕೂದಲೆಳೆ ಅಂತೀರಿ, ಬೆಳಿಗ್ಗೆ ಗುಡಿಸುವವರು ಎಲ್ಲ ದೀಪ ಹಾಕಿ ಒಂದು ಗಂಟೆ ಗುಡಿಸ್ತಾರಲ್ಲ?

ಲಕ್ಸ್ ಮೀಟರ್
36 ಗಂಟೆ, 50 ಲಕ್ಸಲ್ಲೇ ಆದ್ರೂ 1,800. ಮಿತಿ ದಾಟ್ತು. ಗುಡಿಸೋಕೆ ಬೇರೆ ದೀಪದ ಸ್ವಿಚ್ಚು, ಚಿತ್ರಗಳ ಮೇಲೆ ಬಟ್ಟೆ ಪರದೆ. ಒಳ್ಳೇ ಪ್ರಶ್ನೆ ರೀ.

ಅಕ್ಷರ ಅಕ್ಕ
ಲೇಬಲ್ ಬಗ್ಗೆ ಯಾರೂ ಕೇಳ್ತಾ ಇಲ್ಲ, ಎಲ್ಲ ಹಾಳಾಗುವುದು ಕೊನೇ ದಿನ ಅಲ್ಲೇ. ಮರಾಠಿ, ಇಂಗ್ಲಿಷ್, ಕನ್ನಡ ಮೂರು ಭಾಷೆ ಅಂದ್ರೆ ಒಂದು ವಸ್ತುವಿಗೆ ಭಾಷೆಗೆ 40 ಪದ ಮೀರಬಾರದು. ಅಕ್ಷರ 24 ಪಾಯಿಂಟ್. ಕನ್ನಡಕ್ಕೆ ಸಾಲಿನ ಅಂತರ ಒಂದೂವರೆ ಪಟ್ಟು ಬೇಕೇ ಬೇಕು. ಇಂಗ್ಲಿಷಿನ ಅಂತರವನ್ನೇ ಕೊಟ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೀತದೆ. "ಸ್ತ್ರೀ" "ಶಾಸ್ತ್ರ" ಇರುವ ಸಾಲು ನೋಡಿ, ಗೊತ್ತಾಗ್ತದೆ.
ಇನ್ನೊಂದು. ಮುಂಬಯಿಯ ಮುದ್ರಕರಿಗೆ ಯೂನಿಕೋಡ್ ಫೈಲ್ ಹಾಗೇ ಕೊಟ್ರೆ ಅವರ ಸಾಫ್ಟ್‌ವೇರಿನಲ್ಲಿ ಒತ್ತು ಬಿಚ್ಚಿಕೊಳ್ತದೆ. "ಯಕ್ಷಗಾನ" ಹೋಗಿ "ಯಕ್‌ಷಗಾನ" ಬರ್ತದೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ತಪ್ಪು ಅಂತ ಗೊತ್ತಾಗುವುದು ಹೇಗೆ? ಅಕ್ಷರಗಳನ್ನು ಆಕಾರಕ್ಕೆ ಬದಲಾಯಿಸಿದ ಪಿಡಿಎಫ್ ಕೊಡಿ. ಮೊದಲ ಪ್ರತಿಯನ್ನು ಕನ್ನಡ ಬಲ್ಲವರು ಅಂಗಡಿಯಲ್ಲೇ ನಿಂತು ಓದಲಿ.

ಕುಂದಾಪ್ರದ ಕಿರೀಟ
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೆ. "ಭೂತದ ಮುಖವಾಡ, ಕರ್ನಾಟಕ" ಅಂತ ಮಾತ್ರ ಬರೀಬೇಡಿ. ಹಂದಿ ಮೊಗ ಆದ್ರೆ ಪಂಜುರ್ಲಿ ಅಂತ ಹೆಸರು ಹಾಕಿ. ಮುಖ್ಯ ಪ್ರಶ್ನೆ, ಅದು ಪೂಜೆಯಲ್ಲಿದ್ದ ಮೊಗವಾ, ಮಾಡಿಸಿದ್ದಾ? ಪೂಜೆಯಲ್ಲಿದ್ದದ್ದಾದ್ರೆ ಊರಿನವರ ಒಪ್ಪಿಗೆ ಬೇಕು. ಪೀಠ ಸೊಂಟಕ್ಕಿಂತ ಮೇಲೆ ಇರ್ಲಿ.

ದಾದರ್ ದರ್ಬಾರಿ
ಮ್ಯೂಸಿಯಂಗೆ ಬಂದ ಮೇಲೆ ಅದು ಶಿಲ್ಪ ಅಲ್ವಾ? ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿ ಉಡುಪಿ ಕಡೆಯ ಮೆಕ್ಕೆಕಟ್ಟಿನ ಮರದ ಭೂತಗಳು ಸಾಲಾಗಿ ನಿಂತಿವೆ.

ಕುಂದಾಪ್ರದ ಕಿರೀಟ
ನಿಂತಿವೆ. ಮೆಕ್ಕೆಕಟ್ಟಿನಲ್ಲಿ ಹೊಸ ಮೂರ್ತಿ ಬಂದ ಮೇಲೆ ಬಿಟ್ಟ ಹಳೆಯವು ಅವು. ಪೂಜೆ ನಡೀತಾ ಇರುವುದನ್ನು ಕಿತ್ತು ತರುವುದು ಬೇರೆ ಸಂಗತಿ. ಇನ್ನು ಕಂಚಿನದ್ದು ನೂರು ವರ್ಷ ದಾಟಿದ್ರೆ 1972ರ ಪುರಾತನ ವಸ್ತು ಕಾಯ್ದೆಯ ನೋಂದಣಿ ಪತ್ರ ಇದೆಯಾ ಅಂತ ಮಾಲೀಕರನ್ನು ಕೇಳಿ, ಸಾಗಿಸುವ ಮೊದಲೇ.
ವೇಷದ ಬಗ್ಗೆಯೂ ಹೇಳಿಬಿಡ್ತೆ. ಯಕ್ಷಗಾನದಲ್ಲಿ ತೆಂಕು, ಬಡಗು ಅಂತ ಎರಡು ಶೈಲಿ. ತೆಂಕಿನ ಕಿರೀಟ ಹಾಗೇ ತಂದು ಇಡಬಹುದು, ತಲೆಗೂಡಿಗೆ ಪಾಲಿಥೀನ್ ಫೋಮ್ ಕೆತ್ತಿಸಿ, ಹತ್ತಿ ಬಟ್ಟೆ ಹೊದಿಸಿ. ಥರ್ಮಾಕೋಲ್ ಬೇಡ, ಭಾರಕ್ಕೆ ಕುಸೀತದೆ. ಭಾರ ಒಳಗಿನ ಬಳೆ ಮೇಲೆ ಕೂರಬೇಕು, ಅಂಚಿನ ಬೇಗಡೆ ಮೇಲೆ ಅಲ್ಲ. ಆದ್ರೆ ಬಡಗಿನ ಮುಂಡಾಸು ಟೊಪ್ಪಿ ಅಲ್ಲ ಮಾರಾಯ್ರೆ! ಅದು ಪ್ರತಿ ಆಟಕ್ಕೂ ತಲೆ ಮೇಲೇ ಬಟ್ಟೆ ಸುತ್ತಿ ಜರಿಪಟ್ಟಿ ಬಿಗಿದು ಕಟ್ಟುವುದು. ಊರಿಂದ ಪೆಟ್ಟಿಗೆಯಲ್ಲಿ ಬರುವುದು ಬಟ್ಟೆ, ಪಟ್ಟಿ, ಹಗ್ಗ. ಕಟ್ಟಲು ವೇಷಧಾರಿಯೇ ಬರಬೇಕು. ಉದ್ಘಾಟನೆಗೆ ಮೊದಲ ದಿನದ ಟಿಕೆಟು ತೆಗೆದಿಡಿ.

ವಿಲೇಪಾರ್ಲೆ ವಿನ್ಯಾಸ
ಕಟ್ಟೋದನ್ನೇ ವಿಡಿಯೊ ಮಾಡಿ ಪಕ್ಕದಲ್ಲಿ ಹಾಕೋಣ, ದನಿ ಇಲ್ಲದೆ.

ಮೊಳೆ ಸುತ್ತಿಗೆ
ಚಿತ್ರ ತೂಗುಹಾಕಲು ಲೆಕ್ಕ. ಚಿತ್ರದ ನಡುಗೆರೆ ನೆಲದಿಂದ 148 ಸೆಂ.ಮೀ. ಅದಕ್ಕೆ ಚೌಕಟ್ಟಿನ ಅರ್ಧ ಎತ್ತರ ಕೂಡಿಸಿ, ತಂತಿ ಬಿಗಿದಾಗ ಮೇಲಂಚಿನಿಂದ ಎಷ್ಟು ಕೆಳಗೆ ನಿಲ್ಲುತ್ತೋ ಅಷ್ಟು ಕಳೆಯಿರಿ. 60ರ ಚೌಕಟ್ಟು, ತಂತಿ 8 ಕೆಳಗೆ: 148 + 30 − 8 = 170ಕ್ಕೆ ಕೊಕ್ಕೆ. ಕೊಕ್ಕೆ ಎರಡು ಹಾಕಿ, ಒಂದೇ ಹಾಕಿದರೆ ಲೋಕಲ್ ರೈಲು ಹೋದಾಗಲೆಲ್ಲ ಓರೆ. ಪಾರಂಪರಿಕ ಕಟ್ಟಡವಾದರೆ ಗೋಡೆಗೆ ಡ್ರಿಲ್ ಇಲ್ಲ, ತೂಗುಪಟ್ಟಿ ಅಥವಾ ಸುಳ್ಳುಗೋಡೆ.

ಪಿಂಪ್ರಿ ಪಾಟೀಲ
ಕಟ್ಟಡದ ಮಾತ ಬಂತಂದ್ರ, ಕಾಳಾ ಘೋಡಾದ ವಸ್ತು ಸಂಗ್ರಹಾಲಯಕ್ಕ ಹೋಗಿ ತಲಿ ಎತ್ತಿ ನೋಡ್ರಿ. ಕುರ್ಲಾದ ಕರಿಕಲ್ಲು, ಮಲಾಡದ ಹಳದಿ ಕಲ್ಲು, ಒಳಗಿನ ಕಮಾನಕ್ಕ ಕಟ್ಟಡದ ವಾಸ್ತುಶಿಲ್ಪಿ ವಿಟೆಟ್ ಸಾಹೇಬ ಮಾದರಿ ಹಿಡದದ್ದು ನಮ್ಮ ವಿಜಾಪುರದ ಗೋಳಗುಮ್ಮಟ. ಐಹೊಳಿ ಹುಚ್ಚಪ್ಪಯ್ಯನ ಗುಡಿ ಛತ್ತಿನ ಬ್ರಹ್ಮನೂ ಅಲ್ಲೇ ಅದಾನ.

ದಾದರ್ ದರ್ಬಾರಿ
ಬ್ರಹ್ಮ ಛಾವಣಿಯಲ್ಲಿದ್ದವನು, ಇಲ್ಲಿ ಗೋಡೆಗೆ ನಿಂತಿದ್ದಾನೆ. ಮೇಲಿನಿಂದ ಕೆಳಗೆ ನೋಡ್ಬೇಕಾದವನು ನೇರ ನೋಡ್ತಾನೆ. ಮಾಸ್ತರರ ಆನೆಯ ಮಾತು ಅದೇ ಅಲ್ವಾ? ಅಂದಹಾಗೆ ಭಾಯಖಳಾದ ಭಾವು ದಾಜಿ ಲಾಡ್ ಮ್ಯೂಸಿಯಂಗೆ ಹೊರಟವರು ಬುಧವಾರ ಹೋಗ್ಬೇಡಿ, ರಜೆ.

ಘಾಟ್‌ಕೋಪರ್ ಗೆಳೆಯ
ಫ್ಲೆಕ್ಸ್ ಪಟ್ಟಿಯಿಂದ ಹೋಯ್ತು. ಬಾಗಿಲಿಗೆ ಎದುರು 4 ಸೆಂ.ಮೀ. ಹೋಳಿನ ಮುರಕಲ್ಲು, ನೆಲದಲ್ಲಿ ಆನೆ, ಎಡಕ್ಕೆ ಕಾವಿಯ ನಾಲ್ಕು ಹಲಗೆ. ಕಂಚಿಗೆ ಬೇರೆ ಕೇಸ್. ರಾತ್ರಿ ಎಸಿಗೆ ಪತ್ರ ನಾಳೆ ಕೊಡ್ತೇವೆ. ಒಂದು ಉಳಿದಿದೆ. ಶಾಲೆ ಮಕ್ಕಳು ಬರ್ತಾರೆ, 148 ಅವರಿಗೆ ಎತ್ತರ ಆಗುವುದಿಲ್ವಾ?

ಮೊಳೆ ಸುತ್ತಿಗೆ
140ಕ್ಕೆ ಇಳಿಸಿ. ದೊಡ್ಡವರು ಬಗ್ಗಲಿ.

ಅಕ್ಷರ ಅಕ್ಕ
ಲೇಬಲ್ಲಿನ ಎತ್ತರವನ್ನೂ ಇಳಿಸಿ ಮತ್ತೆ. ಕರಡು ಬಂದಾಗ ಇಲ್ಲೇ ಹಾಕಿ, "ಮುರಕಲ್ಲು" ಇದ್ದ ಕಡೆ "ಮರಕಲ್ಲು" ಮಾಡಿಯೇ ಮಾಡ್ತಾರೆ.